‘ಜಾಣ’ ಅನ್ನೋದನ್ನು ಬಿಟ್ಟ ಮೇಲೆ: ಅಪ್ಪನಾಗಿ ನನ್ನ ಅನುಭವ

ಎರಡು ವರ್ಷದ ಹಿಂದೆ ಮಕ್ಕಳನ್ನು ಹುರಿದುಂಬಿಸುವುದನ್ನು ಶುರು ಮಾಡಿದಾಗ ಮನೆಯಲ್ಲಿ ನಂಬಿದವರು ಒಬ್ಬರೂ ಇರಲಿಲ್ಲ. ನಮ್ಮಪ್ಪ ನೇರವಾಗಿಯೇ ಹೇಳಿದರು: "ಹೊಗಳಿ ಹೊಗಳಿ ಹೊನ್ನಶೂಲಕ್ಕೆ ಏರಿಸ್ತೀಯ. ನಿನ್ನನ್ನ ನಾನು ಒಂದು ದಿನ ಹೊಗಳಿದ್ದೀನಾ? ನೀನೇನು ಹಾಳಾಗಿಹೋದ್ಯಾ?" ಹಾಳಾಗಿಲ್ಲ, ನಿಜ. ಆದರೆ ವಯಸ್ಸು 40 ದಾಟಿದರೂ ಹೊಸ ಕೆಲಸಕ್ಕೆ ಕೈ ಹಾಕುವಾಗ ಮೊದಲು ಅವರ ಮುಖ ನೋಡುತ್ತೇನೆ. ಅದನ್ನು ಅವರಿಗೆ ಹೇಳಲಿಲ್ಲ. ಹೆಂಡತಿ, "ಇದೂ ಹದಿನೈದು ದಿನ ಅಷ್ಟೇ" ಅಂದಳು. ನನ್ನ ಹಳೇ ದಾಖಲೆ ನೋಡಿದರೆ ಅವಳ ಮಾತು ತಪ್ಪಲ್ಲ.

ಮೊದಲು ದುಡ್ಡು ಕಳೆದುಕೊಂಡ ಕಥೆ. ಆಗ ಮಗನಿಗೆ 8, ಮಗಳಿಗೆ 11. ಪುಸ್ತಕ ಓದಿದರೆ ಪುಟಕ್ಕೆ ಇಷ್ಟು ಅಂತ ರೇಟು ಕಟ್ಟಿದೆ. ಮೊದಲ ತಿಂಗಳು ಭರ್ಜರಿ. ಎರಡನೇ ತಿಂಗಳು ನೋಡಿದರೆ ಮಗಳು ದಪ್ಪ ಪುಸ್ತಕ ಬಿಟ್ಟು ದೊಡ್ಡಕ್ಷರದ, ಚಿತ್ರ ಜಾಸ್ತಿ ಇರೋ ಪುಸ್ತಕ ಹಿಡಿದಿದ್ದಾಳೆ. ಮಗ ಓದುತ್ತಲೇ ಇಲ್ಲ, ಪುಟ ಮಗುಚುತ್ತಿದ್ದಾನೆ. ಮೂರನೇ ತಿಂಗಳು ಇಬ್ಬರೂ ಒಟ್ಟಿಗೆ ಬಂದು ರೇಟು ಏರಿಸು ಅಂದರು! ಇದರ ನಡುವೆ ಮಾರ್ಕ್ಸಿಗೆ ಅಂತ ಒಂದು ಸೈಕಲ್ ಬೇರೆ. ಸೈಕಲ್ ಮನೆಗೆ ಬಂತು, ಮುಂದಿನ ಪರೀಕ್ಷೆಯಲ್ಲಿ ಮಾರ್ಕ್ಸು ಮೊದಲಿದ್ದಲ್ಲಿಗೇ ಇಳಿಯಿತು. ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ ಹೋಗಿರಬೇಕು. ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ಸುಮ್ನೆ ಖುಷಿಗೆ ಓದುತ್ತಿದ್ದ ಹುಡುಗಿ, ದುಡ್ಡು ನಿಲ್ಲಿಸಿದ ದಿನ ಓದೋದನ್ನೂ ನಿಲ್ಲಿಸಿದಳು.

ಆಮೇಲೆ ಗೊತ್ತಾಯಿತು, 1973ರಲ್ಲೇ ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಚಿತ್ರ ಬರೆಯೋದು ಇಷ್ಟ ಇದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಅಂತ ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ ಆ ಮಕ್ಕಳು ಸ್ಕೆಚ್ ಪೆನ್ನು ಹಿಡಿಯುವುದು ಉಳಿದವರ ಅರ್ಧದಷ್ಟಾಗಿತ್ತು. ಮುಂಚೆ ಹೇಳದೆ ಕೊನೆಗೆ ಬಹುಮಾನ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ. ಇದು ಮೊದಲೇ ಗೊತ್ತಿದ್ದರೆ ಸೈಕಲ್ಲಿನ ದುಡ್ಡಾದರೂ ಉಳಿಯುತ್ತಿತ್ತು.

ದುಡ್ಡು ಬಿಟ್ಟೆ, ಬಾಯಿ ಶುರು ಮಾಡಿದೆ. "ಸೂಪರ್!" "ನನ್ನ ಮಗ ಜಾಣ!" ದಿನಕ್ಕೆ ಹತ್ತು ಸಲ. ಮಗ ಗಣಿತದ ಪೇಪರನ್ನು ಬ್ಯಾಗಿನ ತಳದ ರಟ್ಟಿನ ಕೆಳಗೆ ಬಚ್ಚಿಡಲು ಶುರು ಮಾಡಿದ. ಕೇಳಿದರೆ 25ಕ್ಕೆ 22 ಬಂತು ಅಂದ, ಬಂದದ್ದು 11. ನನಗೆ ಸಿಟ್ಟಿಗಿಂತ ಆಶ್ಚರ್ಯ ಜಾಸ್ತಿ ಆಯಿತು. ನಾವು ಬೈದೇ ಇರಲಿಲ್ಲವಲ್ಲ! 1998ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಉತ್ತರ ಸಿಕ್ಕಿತು. ಬುದ್ಧಿವಂತ ಅನ್ನಿಸಿಕೊಂಡ ಮಕ್ಕಳಲ್ಲಿ ನೂರಕ್ಕೆ 40ರ ಹತ್ತಿರ ಮಕ್ಕಳು ತಮ್ಮ ಅಂಕ ಸುಳ್ಳು ಹೇಳಿದ್ದರಂತೆ. ಶ್ರಮಪಟ್ಟೆ ಅನ್ನಿಸಿಕೊಂಡವರಲ್ಲಿ ಅಂಥವರು ಅದಕ್ಕಿಂತ ತುಂಬ ಕಡಿಮೆ. ಜಾಣ ಅಂತ ನಾನೇ ಪಟ್ಟ ಕಟ್ಟಿದ್ದೆ, ಅವನು ಅದನ್ನು ಉಳಿಸಿಕೊಳ್ಳಲು ನೋಡಿದ, ಅಷ್ಟೇ.

ಒಂದು ಸಂಜೆ ಫೋನಿನಲ್ಲಿ ರೆಕಾರ್ಡರ್ ಹಾಕಿ ಅರ್ಧ ಗಂಟೆ ಮೂಲೆಯಲ್ಲಿಟ್ಟೆ. ನೀವೂ ಮಾಡಿ ನೋಡಿ, ನಿದ್ದೆ ಬರಲ್ಲ. ನಾನಾಡಿದ 30 ಮಾತಿನಲ್ಲಿ 22ಓ 23ಓ ಅಪ್ಪಣೆ. ಬೇಗ ಮಾಡು, ಎಲ್ಲಿಟ್ಟೆ, ಎಷ್ಟು ಸಲ ಹೇಳ್ಬೇಕು. ಪ್ರೀತಿಯಿಂದ ಹೇಳಿದ್ದು ಎರಡು. ಅದರಲ್ಲಿ ಒಂದು ಪಕ್ಕದ ಮನೆ ನಾಯಿಗೆ.

ಅವತ್ತೇ ಒಂದು ನೋಟ್‌ಬುಕ್ ತೆಗೆದೆ. ದಿನಕ್ಕೆ ಒಂದು ಮಗುವಿಗೆ ಒಂದೇ ಸಾಲು. ಮಗು ಹೇಗಿದೆ ಅಂತ ಬರೆಯುವ ಹಾಗಿಲ್ಲ, ಏನು ಮಾಡಿತು ಅಂತ ಮಾತ್ರ ಬರೆಯಬೇಕು. ರಾತ್ರಿ ಅದನ್ನೇ ಮಗುವಿಗೆ ಹೇಳುವುದು. "ಮೂರನೇ ಲೆಕ್ಕ ತಪ್ಪಾದಾಗ ಅಳಿಸಿ ಬೇರೆ ಥರ ಮಾಡಿದೆಯಲ್ಲ, ನೋಡಿದೆ." ಇಷ್ಟೇ. ಆಮೇಲೆ ಬಾಯಿ ಮುಚ್ಚಬೇಕು. ನನಗೆ ಕಷ್ಟವಾದದ್ದು ಇದೇ. "ಚೆನ್ನಾಗಿ ಬರೆದಿದ್ದೀಯ, ಆದರೆ..." ಅಂತ ನಾಲಿಗೆ ತಾನೇ ಹೊರಳುತ್ತಿತ್ತು. ‘ಆದರೆ’ ಅಂದ ತಕ್ಷಣ ಮುಂಚಿನದ್ದೆಲ್ಲ ನೀರಲ್ಲಿ ಹೋಮ. ಒಂದೊಂದು ‘ಆದರೆ’ಗೂ ಮಕ್ಕಳ ಡಬ್ಬಿಗೆ ದಂಡ ಹಾಕುತ್ತೇನೆ ಅಂದೆ. ಮೊದಲ ತಿಂಗಳಲ್ಲೇ ಡಬ್ಬಿ ತುಂಬಿತು.

40 ದಿನ ಏನೂ ಆಗಲಿಲ್ಲ. "ಅಪ್ಪ, ನಿಂಗೆ ಹುಷಾರಿಲ್ವಾ?" ಅಂತ ಮಗ ಕೇಳಿದ. ಅಷ್ಟೇ ಫಲ. ಮೂರು ತಿಂಗಳು ಕಳೆದ ಮೇಲೆ ಒಂದು ಸಂಜೆ ಅವನೇ ಬಂದು ಪೇಪರ್ ಮೇಜಿನ ಮೇಲಿಟ್ಟ. 25ಕ್ಕೆ 9. "ಇಲ್ಲಿಂದ ಮುಂದೆ ನಂಗೆ ಗೊತ್ತಾಗ್ಲಿಲ್ಲ" ಅಂತ ಬೆರಳಿಟ್ಟು ತೋರಿಸಿದ. ಆ 9 ನೋಡಿ ನನಗಾದ ಖುಷಿ ಹೆಂಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಾರ್ಕ್ಸೂ ಏರಿತು ಅನ್ನಿ. ಇದನ್ನು ಕೇಳಿ ನಕ್ಕಿದ್ದ ಗೆಳೆಯರಲ್ಲಿ ಇಬ್ಬರು ಈಗ ನೋಟ್‌ಬುಕ್ ಇಟ್ಟಿದ್ದಾರೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತಿದ್ದೇನೆ.

ಒಂದು ಎಚ್ಚರಿಕೆ. ಒಬ್ಬರ ಸಾಲನ್ನು ಇನ್ನೊಬ್ಬರ ಮುಂದೆ ಓದಬೇಡಿ. ನಾನು ಓದಿದ ವಾರ ಮನೆ ರಣರಂಗವಾಗಿತ್ತು. ಇನ್ನೊಂದು, ಮಗು ಸೋತು ಬಂದ ದಿನ ನೋಟ್‌ಬುಕ್ ತೆಗೆಯುವುದೇ ಇಲ್ಲ. ಅವತ್ತು "ಬಾ, ಸೈಕಲ್ ಚೈನು ಹಾಕೋಣ, ಹಿಡ್ಕೋ" ಅಂತ ಜೊತೆಗೆ ಕೂರಿಸಿಕೊಳ್ಳುತ್ತೇನೆ. ಏನೂ ಸಾಧಿಸದ ದಿನವೂ ಅಪ್ಪನಿಗೆ ನಾನು ಬೇಕು ಅಂತ ಮಗುವಿಗೆ ಗೊತ್ತಾಗಬೇಕಲ್ವಾ? ಮಾರ್ಕ್ಸಿಗೆ ಅಂತ ದುಡ್ಡು ದಂಡ ಮಾಡಿದ ಆ ಸೈಕಲ್ಲು ಈ ಕೆಲಸಕ್ಕಾದರೂ ಬಂತು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಮಗು ಬಾಗಿಲ ಹಿಂದೆ ಇರುವಾಗ ತಮ್ಮನ ಜೊತೆ ಫೋನಿನಲ್ಲಿ ಅದರ ಬಗ್ಗೆ ಒಳ್ಳೆಯದು ಮಾತಾಡುವುದು. ಎದುರಿಗೆ ಹೇಳಿದ್ದಕ್ಕಿಂತ ಎರಡು ಪಟ್ಟು ಕೆಲಸ ಮಾಡಿತು. ನಾಲ್ಕನೇ ಸಲ ಆಸೆ ಹೆಚ್ಚಾಗಿ ಸುಮ್ನೆ ಫೋನು ಕಿವಿಗಿಟ್ಟುಕೊಂಡು ಶುರು ಮಾಡಿದೆ. "ಅಪ್ಪ, ಫೋನು ಚಾರ್ಜಿಲ್ದೆ ಸತ್ತಿದೆ" ಅಂದಳು ಮಗಳು. ಅಲ್ಲಿಗೆ ಅದು ಮುಗಿಯಿತು. ಪರೀಕ್ಷೆಯ ಹಿಂದಿನ ರಾತ್ರಿ ಮಾಡುವ ಒಂದು ಕೆಲಸ ಇದೆ, ಇಲ್ಲಿಯ ತನಕ ಒಮ್ಮೆಯೂ ಕೈಕೊಟ್ಟಿಲ್ಲ. ಅದನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮಕ್ಕಳಿಬ್ಬರಿಗೂ ಓದಲು ಬರುತ್ತದೆ.

ಮಗಳಿಗೆ ಈಗ 13. ನಾನು ಬಾಯಿ ತೆರೆಯುವ ಮೊದಲೇ "ಶುರು ಮಾಡಿದೆಯಾ?" ಅನ್ನುತ್ತಾಳೆ. ಎದುರು ಕೂತು ಹೇಳಿದರೆ ಕಣ್ಣು ತಿರುಗಿಸುತ್ತಾಳೆ. ಗಾಡಿಯಲ್ಲಿ ಹಿಂದೆ ಕೂತಿರುವಾಗ ಹೇಳಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತಾಳೆ. ವಾರಕ್ಕೆ ಎರಡು ಸಾಕು ಅಂತ ಅವಳೇ ಲೆಕ್ಕ ಹಾಕಿ ಕೊಟ್ಟಿದ್ದಾಳೆ. ಮೂರು ಮಾಡಲು ಮಾತುಕತೆ ನಡೆಯುತ್ತಿದೆ.