ಕ್ಯಾಸೆಟ್ ಫೈಲುಗಳಿಗೆ ಬಣ್ಣ ಹಚ್ಚಿದ್ದು

ನಮ್ಮನೆ ಇರುವುದು ಶಿರಸಿ ಹತ್ತಿರದ ಒಂದು ಹಳ್ಳಿಯಲ್ಲಿ. ಅಟ್ಟದ ಮೇಲೆ ಎರಡು ಟ್ರಂಕ್ ತುಂಬ ತಾಳಮದ್ದಳೆ ಕ್ಯಾಸೆಟ್‌ಗಳಿವೆ. ಅಪ್ಪ ವರ್ಷಗಟ್ಟಲೆ ಊರೂರು ತಿರುಗಿ, ರಾತ್ರಿಯಿಡೀ ಮುಂದಿನ ಸಾಲಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದು. ನಮ್ಮ ಕಡೆ ಮಳೆಗಾಲದಲ್ಲಿ ಗೋಡೆಗೇ ಬೂಷ್ಟು ಬರುತ್ತದೆ, ಇನ್ನು ಟೇಪು ಉಳಿಯುತ್ತದಾ? ಹಾಗಾಗಿ ಒಂದೊಂದನ್ನೇ ಲ್ಯಾಪ್‌ಟಾಪಿಗೆ ಇಳಿಸುತ್ತಿದ್ದೇನೆ. ಅದರಲ್ಲಿ ಉಬುಂಟು ಅನ್ನುವ ಲಿನಕ್ಸ್ ಇದೆ, ಫೈಲಿನ ಕೆಲಸವೆಲ್ಲ ಟರ್ಮಿನಲ್‌ನಲ್ಲೇ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲೇ.

90 ನಿಮಿಷದ ಕ್ಯಾಸೆಟ್ಟನ್ನು ಸಿಡಿ ಗುಣಮಟ್ಟದಲ್ಲಿ ವೇವ್ ಫೈಲ್ ಮಾಡಿದರೆ 900 ಎಂಬಿ ದಾಟುತ್ತದೆ. ಅದೇ ಮೂಲ. ನೆಂಟರಿಗೆ ಕಳಿಸಲು ಅದರಿಂದ ಎಂಪಿ3 ಮಾಡುತ್ತೇನೆ. ಎಂಪಿ3 ಹೋದರೆ ಮತ್ತೊಂದು ಮಾಡಿಕೊಳ್ಳಬಹುದು. ವೇವ್ ಹೋದರೆ ಮುಗೀತು.

ಒಂದು ರಾತ್ರಿ ಹಾಗೇ ಆಯಿತು. ಜೋರು ಮಳೆ, ಕರೆಂಟಿಲ್ಲ. ಬ್ಯಾಟರಿ ಉಳಿಸಲು ಸ್ಕ್ರೀನ್ ಬೆಳಕು ಕಮ್ಮಿ ಮಾಡಿಕೊಂಡಿದ್ದೆ. ಡಿಸ್ಕ್ ತುಂಬಿತ್ತು, ಕಳಿಸಿ ಆಗಿದ್ದ ಎಂಪಿ3ಗಳನ್ನು ಅಳಿಸುತ್ತ ಹೋದೆ. ನಡುವೆ ಒಂದು ವೇವ್ ಅಳಿಸಿಬಿಟ್ಟೆ. ಆ ಕ್ಯಾಸೆಟ್ಟಿನ ಟೇಪು ರಿವೈಂಡ್ ಮಾಡುವಾಗಲೇ ತುಂಡಾಗಿತ್ತು. ಈಗ ಉಳಿದಿರುವುದು ಅದರ ಎಂಪಿ3 ಮಾತ್ರ. ಅಪ್ಪನಿಗೆ ಹೇಳುವಾಗ ಬಹಳ ಕಷ್ಟವಾಯಿತು. ಅವನು ಬೈಯಲಿಲ್ಲ. ಸ್ಕ್ರೀನ್ ನೋಡಿ, "ಎಲ್ಲಾ ಒಂದೇ ನಮೂನೆ ಕಾಣ್ತಲೋ ತಮಾ" ಅಂದ.

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಫೋಲ್ಡರಿನಲ್ಲಿ ಏನೇನಿದೆ ಅಂತ ತೋರಿಸುವ ಎಲ್‌ಎಸ್ (ls) ಕಮಾಂಡ್ ಕೊಟ್ಟರೆ ಬರುವ ಪಟ್ಟಿಯಲ್ಲಿ ವೇವ್, ಎಂಪಿ3, ಫ್ಲ್ಯಾಕ್ (ಇನ್ನೊಂದು ಆಡಿಯೋ ನಮೂನೆ) ಮೂರಕ್ಕೂ ಒಂದೇ ಹಸಿರುನೀಲಿ ಬಣ್ಣ, ಅದರ ಸಂಖ್ಯೆ 00;36. ಬೇರೆ ಕಡೆ ಇರುವ ಫೈಲಿಗೆ ಕೈತೋರಿಸುವ ಲಿಂಕ್‌ಗಳಿಗೆ 01;36, ಅಂದರೆ ಅದೇ ಬಣ್ಣ, ಸ್ವಲ್ಪ ದಪ್ಪ ಅಷ್ಟೇ. ಕಂಪ್ಯೂಟರಿನ ಲೆಕ್ಕದಲ್ಲಿ ಇವೆಲ್ಲ ಆಡಿಯೋ. ನನ್ನ ಲೆಕ್ಕದಲ್ಲಿ ಒಂದು ಬೀಜದ ಅಡಿಕೆ, ಇನ್ನೊಂದು ಮಾರುವ ಅಡಿಕೆ.

ಈ ಬಣ್ಣಗಳನ್ನು ಬದಲಿಸುವುದು ನಾನು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಡಿರ್‌ಕಲರ್ಸ್ (dircolors) ಅನ್ನುವ ಕಮಾಂಡಿಗೆ ಮೈನಸ್ ಪಿ (-p) ಹಾಕಿ ಕೊಟ್ಟರೆ ಅದರೊಳಗೆ ಮೊದಲಿಂದಲೇ ಇರುವ ಬಣ್ಣದ ಪಟ್ಟಿ ಪೂರ್ತಿ ಬರುತ್ತದೆ. ಅದನ್ನು ಹೋಮ್ ಫೋಲ್ಡರಿನಲ್ಲಿ .ಡಿರ್‌ಕಲರ್ಸ್ ಹೆಸರಿನ ಫೈಲಿಗೆ ಇಳಿಸಿದೆ. ಹೆಸರಿನ ಮೊದಲ ಚುಕ್ಕಿ ಬಿಡಬಾರದು. ಟರ್ಮಿನಲ್ ತೆರೆದಾಗೆಲ್ಲ ಓಡುವ ಉಬುಂಟುವಿನ ಬ್ಯಾಶ್‌ಆರ್‌ಸಿ (.bashrc) ಫೈಲ್ ಈ ಹೆಸರಿನ ಫೈಲ್ ಇದೆಯಾ ಅಂತ ತಾನೇ ನೋಡುತ್ತದೆ, ಇದ್ದರೆ ಅದನ್ನೇ ಓದಿಕೊಳ್ಳುತ್ತದೆ. ಬದಲಾವಣೆ ಕಾಣಬೇಕಾದರೆ ಹೊಸ ಟರ್ಮಿನಲ್ ತೆರೆಯಬೇಕು. ನಾನು ಇದು ಗೊತ್ತಿಲ್ಲದೆ ಹಳೇ ಕಿಟಕಿಯಲ್ಲೇ ಅರ್ಧ ಗಂಟೆ ಸುಮ್ನೆ ಒದ್ದಾಡಿದೆ.

ಸಂಖ್ಯೆಗಳ ಲೆಕ್ಕ ಹೀಗೆ. 30ರಿಂದ 37 ಅಕ್ಷರದ ಬಣ್ಣ: 31 ಕೆಂಪು, 32 ಹಸಿರು, 33 ಹಳದಿ, 34 ನೀಲಿ. 40ರಿಂದ 47 ಅವೇ ಬಣ್ಣಗಳು, ಆದರೆ ಅಕ್ಷರದ ಹಿಂಬದಿಗೆ. ಮುಂದೆ 01 ಇದ್ದರೆ ದಪ್ಪ ಅಕ್ಷರ. 256 ಬಣ್ಣ ತೋರಿಸುವ ಟರ್ಮಿನಲ್ ಆದರೆ 38;5; ಬರೆದು ಅದರ ನಂತರ ಬೇಕಾದ ಬಣ್ಣದ ಸಂಖ್ಯೆ ಕೊಡಬಹುದು. ವೇವ್ ಸಾಲಿಗೆ 01;33 ಬರೆದೆ, ಗಟ್ಟಿ ಹಳದಿ. ಎಂಪಿ3ಗೆ ಬರೀ 37. ಫೋಲ್ಡರಿನ 01;34 ಕಪ್ಪು ಸ್ಕ್ರೀನಿನ ಮೇಲೆ ಅಪ್ಪನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಅದನ್ನು 38;5;117 ಮಾಡಿದ ಮೇಲೆ ಅವನೇ ಓದಿ ಹೇಳುತ್ತಾನೆ. ಮೂಲ ಫೈಲ್ ಇಲ್ಲದ ಲಿಂಕ್‌ಗೆ ಕೆಂಪು ಹಿಂಬದಿ, 37;41. ಅದು ಕಣ್ಣಿಗೆ ಚುಚ್ಚಬೇಕು ಅಂತಲೇ ಹಾಕಿದ್ದು.

ಜಾಸ್ತಿ ಹೊತ್ತು ತಿಂದಿದ್ದು ಹೊರಗಿನ ಹಾರ್ಡ್‌ಡಿಸ್ಕ್. ಅದು ಎನ್‌ಟಿಎಫ್‌ಎಸ್, ವಿಂಡೋಸ್ ನಮೂನೆಯದು. ಅದರೊಳಗೆ ಎಲ್‌ಎಸ್ ಕೊಟ್ಟರೆ ನನ್ನ ಹಳದಿ ಎಲ್ಲೂ ಇಲ್ಲ. ಎಲ್ಲ ಫೈಲೂ ಹಸಿರು, ಫೋಲ್ಡರ್‌ಗಳು ಹಸಿರು ಹಿಂಬದಿಯ ಮೇಲೆ ನೀಲಿ. ಕಾರಣ ತಿಳಿಯಲು ಎರಡು ದಿನ ಬೇಕಾಯಿತು. ಆ ಡಿಸ್ಕಿನಲ್ಲಿ ನನ್ನ ಲಿನಕ್ಸ್ ಎಲ್ಲ ಫೈಲಿಗೂ ಎಲ್ಲ ಅನುಮತಿ ಕೊಟ್ಟು ತೋರಿಸುತ್ತದೆ. ಓಡಿಸುವ ಅನುಮತಿ ಇದ್ದರೆ ಅದು ಪ್ರೋಗ್ರಾಂ ಅಂತ ಎಲ್‌ಎಸ್ ತೀರ್ಮಾನ ಮಾಡಿಬಿಡುತ್ತದೆ, ಹೆಸರಿನ ಬಾಲ (.wav, .mp3 ಅನ್ನುವ ಕೊನೆ) ನೋಡುವುದೇ ಇಲ್ಲ. ಪ್ರೋಗ್ರಾಂಗಳ ಬಣ್ಣ ಹೇಳುವ ಎಕ್ಸೆಕ್ ಸಾಲನ್ನು ಅಳಿಸಿ ನೋಡಿದೆ, ಏನೂ ಆಗಲಿಲ್ಲ. ಸಾಲು ಇಲ್ಲದಿದ್ದರೆ ಎಲ್‌ಎಸ್ ತನ್ನೊಳಗಿನ ಹಸಿರನ್ನೇ ಹಾಕುತ್ತದೆ. ಸಾಲು ಇಟ್ಟುಕೊಂಡು 00 ಬರೆಯಬೇಕು. ಆಗ ಅದು ಬಾಲ ನೋಡುತ್ತದೆ, ವೇವ್ ಹಳದಿಯಾಗುತ್ತದೆ. ಯಾರು ಬೇಕಾದರೂ ಬರೆಯಬಹುದಾದ ಫೋಲ್ಡರಿನ ಸಾಲಿಗೂ ಹಾಗೇ 00 ಹಾಕಿದೆ, ಆ ಹಸಿರು ಹಿಂಬದಿ ಹೋಯಿತು. ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆಯುವವರಿಗೆ ಪ್ರೋಗ್ರಾಂನ ಹಸಿರು ಬೇಕಾಗಬಹುದು. ಅವರು ಎಲ್‌ಎಸ್‌ಗೆ ಮೈನಸ್ ದೊಡ್ಡ ಎಫ್ ಕೊಟ್ಟರೆ ಹೆಸರಿನ ಕೊನೆಗೆ ನಕ್ಷತ್ರ ಬೀಳುತ್ತದೆ. ನನಗೆ ಅಷ್ಟು ಸಾಕು.

ನನಗೆ ಅತಿ ಖುಷಿ ಕೊಟ್ಟಿದ್ದು ಇನ್ನೊಂದು. ಈ ಪಟ್ಟಿಯಲ್ಲಿ ಚುಕ್ಕಿಯ ನಂತರದ ಬಾಲ ಮಾತ್ರ ಅಲ್ಲ, ಹೆಸರಿನ ಯಾವುದೇ ಕೊನೆಯನ್ನು ಬರೆಯಬಹುದು, ಮೊದಲಿಗೆ ನಕ್ಷತ್ರ ಹಾಕಿದರಾಯಿತು. ಪ್ರಸಂಗ ಯಾವುದು, ಅರ್ಥ ಹೇಳಿದವರು ಯಾರು, ಭಾಗವತರು ಯಾರು ಅಂತ ಅಪ್ಪ ಧ್ವನಿ ಕೇಳಿಯೇ ಗುರುತಿಸುತ್ತಾನೆ. ಅವನು ಕೇಳುವ ತನಕ ಫೈಲ್ ಹೆಸರಿನ ಕೊನೆಗೆ 'ಬಾಕಿ' ಅಂತ ಸೇರಿಸಿಡುತ್ತೇನೆ. ಟರ್ಮಿನಲ್‌ನಲ್ಲಿ ನಮ್ಮ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇನೆ. ಬಾಕಿ ವೇವ್‌ಗಳಿಗೆ ಕಿತ್ತಳೆ ಬಣ್ಣ, 38;5;208. ಈ ಸಾಲು ಪಟ್ಟಿಯಲ್ಲಿ ವೇವ್ ಸಾಲಿಗಿಂತ ಕೆಳಗಿರಬೇಕು. ಮೇಲಿಟ್ಟಾಗ ಹಳದಿಯೇ ಗೆದ್ದಿತು. ರಾತ್ರಿ ಊಟವಾದ ಮೇಲೆ ಅಪ್ಪ ಬಂದು ಕೂತು, "ಇವತ್ತು ಕಿತ್ತಳೆ ಎಷ್ಟಿದ್ದು?" ಅಂತ ಕೇಳುತ್ತಾನೆ.

ತಮ್ಮ ಬೆಂಗಳೂರಿನಲ್ಲಿ ಮ್ಯಾಕ್ ಇಟ್ಟುಕೊಂಡಿದ್ದಾನೆ. ಅರ್ಧ ಕ್ಯಾಸೆಟ್ ಅವನ ಪಾಲಿನದು, ಅವನಿಗೂ ಇದೇ ಬಣ್ಣ ಬೇಕಿತ್ತು. ಮ್ಯಾಕಿನ ಎಲ್‌ಎಸ್ ಬೇರೆ ಮನೆತನದ್ದು. ಅದರಲ್ಲಿ ಫೋಲ್ಡರ್, ಲಿಂಕ್, ಪ್ರೋಗ್ರಾಂ ಅಂತ ಬಗೆಗೊಂದು ಬಣ್ಣ ಕೊಡಬಹುದು, ಬಾಲ ನೋಡಿ ಕೊಡಲು ಬರುವುದಿಲ್ಲ. ಅವನು ಮ್ಯಾಕಿಗೆ ಸಾಫ್ಟ್‌ವೇರ್ ಇಳಿಸಿಕೊಡುವ ಹೋಮ್‌ಬ್ರೂನಿಂದ ಗ್ನೂ ಕೋರ್‌ಯುಟಿಲ್ಸ್ ಹಾಕಿಕೊಂಡ, ನನ್ನ ಲಿನಕ್ಸಿನ ಎಲ್‌ಎಸ್ ಇರುವ ಕಮಾಂಡುಗಳ ಕಟ್ಟು ಅದು. ಅದರಲ್ಲಿ ಎಲ್‌ಎಸ್ ಬದಲು ಜಿಎಲ್‌ಎಸ್, ಡಿರ್‌ಕಲರ್ಸ್ ಬದಲು ಜಿಡಿರ್‌ಕಲರ್ಸ್. ನನ್ನ ಫೈಲನ್ನೇ ಕಳಿಸಿದೆ, ಒಂದಕ್ಷರ ಬದಲಿಸದೆ ಅಲ್ಲೂ ನಡೆಯಿತು.