ಪಾತ್ರ ಎಲ್ಲರದ್ದು, ನೀವು ಬಿಡಿಸಿದ ಚಿತ್ರ ಯಾರದ್ದು?

ಜೆನ್ನಿ ಎವ್ರಿವೇರ್ ಎಂಬ ಕಾಮಿಕ್ಸ್ ಹುಡುಗಿ ಇದ್ದಾಳೆ. ಗಿಡ್ಡ ಕಪ್ಪು ಕೂದಲು, ಹಳೇ ಕಾಲದ ಪೈಲಟ್‌ಗಳು ಹಾಕುತ್ತಿದ್ದಂಥ ಕನ್ನಡಕ, ಕೊರಳಲ್ಲಿ ಸ್ಕಾರ್ಫ್. ಒಂದೇ ಹೊತ್ತಿಗೆ ಎಲ್ಲ ಲೋಕಗಳಲ್ಲೂ ಇರುವುದು ಅವಳ ವಿಶೇಷ. 2002ರಲ್ಲಿ ಕೆನಡಾದ ಸ್ಟೀವನ್ ವಿಂಟಲ್ ಮತ್ತು ಜೊತೆಗಾರರು ಅವಳನ್ನು ಹುಟ್ಟುಹಾಕಿದರು. ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟೂ ಕೊಟ್ಟರು. ಷರತ್ತು ಒಂದೇ: ಈ ಅನುಮತಿಯನ್ನು ಹೇಳುವ ಪುಟ್ಟ ಪ್ಯಾರಾ ಪ್ರತಿ ಪ್ರಕಟಣೆಯಲ್ಲೂ ಇರಬೇಕು.

ಸರಿ, ನೀವೂ ಒಂದು ಜೆನ್ನಿ ಬಿಡಿಸಿದಿರಿ. ಅದು ಯಾರ ಸೊತ್ತು? ಟೀ ಶರ್ಟ್ ಮೇಲೆ ಹಾಕಿ ಮಾರಬಹುದಾ? ನಾಳೆ ಯಾರೋ ನಿಮ್ಮ ಚಿತ್ರವನ್ನೇ ಎತ್ತಿಕೊಂಡರೆ?

ಯಾವುದನ್ನು ನೋಡಿ ಬಿಡಿಸಿದಿರಿ?

ಮೊದಲು ಇದನ್ನು ಬರೆದಿಟ್ಟುಕೊಳ್ಳಿ. ಜಾಸ್ತಿ ಜನ ಎಡವುವುದು ಇಲ್ಲೇ. ಪಾತ್ರ ಮುಕ್ತವಾಗಿದೆ ಎಂದರೆ ಆ ಪಾತ್ರದ ಮೇಲೆ ಬಂದ ಎಲ್ಲ ಚಿತ್ರಗಳೂ ಮುಕ್ತ ಎಂದಲ್ಲ. ಗಣಪ ಎಲ್ಲರವನು, ಆದರೆ ಒಬ್ಬ ಕಲಾವಿದ ತಾನೇ ರೂಪಿಸಿದ ಗಣಪನ ಅಚ್ಚು ಅವನದೇ ಅಲ್ವಾ? ಇಲ್ಲೂ ಹಾಗೆಯೇ. ಕನ್ನಡಕ, ಸ್ಕಾರ್ಫ್ ಎಂಬ ವಿವರಣೆ ಓದಿ ನಿಮ್ಮದೇ ಜೆನ್ನಿಯನ್ನು ಬಿಡಿಸಿದರೆ ತೊಂದರೆ ಇಲ್ಲ. ಬೇರೊಬ್ಬರ ಜೆನ್ನಿ ಕಾಮಿಕ್ಸ್‌ನ ಪುಟವನ್ನು ಟ್ರೇಸ್ ಮಾಡಿದರೆ ಆ ಗೆರೆ, ಆ ಬಣ್ಣ, ಆ ನಿಲುವು ಅವರದ್ದು. ಅವರು ಬೇರೆಯಾಗಿ ಅನುಮತಿ ಕೊಟ್ಟಿದ್ದಾರೆಯೇ ಎಂದು ನೋಡಲೇಬೇಕು.

ಲೈಸೆನ್ಸನ್ನು ಮೂಲದಲ್ಲೇ ಓದಿ

ಗೂಗಲ್‌ನಲ್ಲಿ ಸಿಕ್ಕ ಚಿತ್ರದ ಕೆಳಗೆ ‘ಫ್ರೀ’ ಎಂದಿದ್ದರೆ ಸುಮ್ನೆ ನಂಬಬೇಡಿ. ಮುಕ್ತ ಎನ್ನುವುದರಲ್ಲೂ ಹಲವು ಬಗೆ. ಲಿನಕ್ಸ್ ಎಂಬ ಮುಕ್ತ ಕಂಪ್ಯೂಟರ್ ವ್ಯವಸ್ಥೆಯ ಲಾಂಛನವಾದ ಪೆಂಗ್ವಿನ್ ಟಕ್ಸ್ ಇದೆಯಲ್ಲ, ಅದನ್ನು 1996ರಲ್ಲಿ ಲ್ಯಾರಿ ಯೂವಿಂಗ್ ಗಿಂಪ್ ಎಂಬ ತಂತ್ರಾಂಶದಲ್ಲಿ ಬಿಡಿಸಿದರು. ಬಳಸಿ, ಬದಲಿಸಿ, ಯಾರಾದರೂ ಕೇಳಿದರೆ ನನ್ನ ಹೆಸರನ್ನೂ ಗಿಂಪ್ ಹೆಸರನ್ನೂ ಹೇಳಿ, ಇಷ್ಟೇ ಅವರ ಷರತ್ತು. ಫ್ರಾನ್ಸಿನ ಡೇವಿಡ್ ರೆವೊಯ್ ಅವರ ಪೆಪ್ಪರ್ ಅಂಡ್ ಕ್ಯಾರೆಟ್ ಕಾಮಿಕ್ಸ್ ಇರುವುದು ಕ್ರಿಯೇಟಿವ್ ಕಾಮನ್ಸ್ (ಸಿಸಿ, ಯಾರು ಬೇಕಾದರೂ ತಮ್ಮ ಕೃತಿಗೆ ಹಾಕಬಹುದಾದ ಸಿದ್ಧ ಲೈಸೆನ್ಸ್‌ಗಳು) ‘ಬಿವೈ’ ಲೈಸೆನ್ಸಿನಲ್ಲಿ. ಹೆಸರು ಹಾಕಿದರೆ ಸಾಕು, ಮಾರುವುದಕ್ಕೂ ಅಡ್ಡಿಯಿಲ್ಲ. ಗ್ಲೇನಾ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯೇ ಅದನ್ನು ಪುಸ್ತಕವಾಗಿ ತಂದಿದೆ.

ಬಿವೈ ಪಕ್ಕದಲ್ಲಿ ಇನ್ನೆರಡು ಅಕ್ಷರ ಕಂಡರೆ ನಿಲ್ಲಿ. ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ಟೀ ಶರ್ಟ್ ಆಸೆ ಬಿಡಿ. ‘ಎನ್‌ಡಿ’ ಇದ್ದರೆ ಬದಲಿಸಿದ ಚಿತ್ರವನ್ನು ಹಂಚುವಂತಿಲ್ಲ. ‘ಎಸ್‌ಎ’ ಇದ್ದರೆ ಅದನ್ನು ಆಧರಿಸಿದ ನಿಮ್ಮ ಚಿತ್ರವನ್ನೂ ಅದೇ ಲೈಸೆನ್ಸಿನಲ್ಲಿ ಕೊಡಬೇಕು.

ಹೆಸರಿನ ಸಾಲು ಬರೆಯಿರಿ

ಮೂಲ ಕೃತಿ, ಕಲಾವಿದರು, ಲೈಸೆನ್ಸ್, ಅದರ ಕೊಂಡಿ, ನೀವು ಮಾಡಿದ ಬದಲಾವಣೆ ಇಷ್ಟಿರಲಿ. ಉದಾಹರಣೆಗೆ: “ಡೇವಿಡ್ ರೆವೊಯ್ ಅವರ ಪೆಪ್ಪರ್ ಅಂಡ್ ಕ್ಯಾರೆಟ್ ಆಧರಿಸಿದ ಚಿತ್ರ. ಮೂಲ ಸಿಸಿ ಬಿವೈ 4.0 (ಇಲ್ಲಿ ಕೊಂಡಿ). ಉಡುಪು, ಹಿನ್ನೆಲೆ ಬದಲಿಸಿದವರು ಇಂಥವರು.” ಮೂಲ ಕಲಾವಿದರೇ ನಿಮ್ಮ ಚಿತ್ರವನ್ನು ಒಪ್ಪಿದ್ದಾರೆ ಎಂಬ ಅರ್ಥ ಬರಬಾರದು.

ನಿಮ್ಮ ಪಾಲು ಎಷ್ಟು?

ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬಿಡಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಕಲಾವಿದರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಆದರೆ ಅದು ನೀವು ಹೊಸದಾಗಿ ಸೇರಿಸಿದ ಭಾಗಕ್ಕೆ ಮಾತ್ರ. ಜೆನ್ನಿಗೆ ನೀವು ಇಳಕಲ್ ಸೀರೆ ಉಡಿಸಿದ ರೀತಿ ನಿಮ್ಮದು, ಕನ್ನಡಕ ಹಾಕಿದ ಹುಡುಗಿ ನಿಮ್ಮವಳಲ್ಲ. ಬೇರೆಯವರು ಇನ್ನೊಂದು ಜೆನ್ನಿ ಬಿಡಿಸಿದರೆ ತಡೆಯಲಾಗದು. ನಿಮ್ಮ ಚಿತ್ರವನ್ನೇ ನಕಲು ಮಾಡಿದರೆ ತಡೆಯಬಹುದು.

ಆ ಚಿತ್ರವನ್ನು ಯಾವ ಷರತ್ತಿನ ಮೇಲೆ ಕೊಡುತ್ತೀರಿ ಎಂದು ಚಿತ್ರದ ಜೊತೆಗೇ ಬರೆಯಿರಿ. ಎಲ್ಲ ಹಕ್ಕೂ ಇಟ್ಟುಕೊಳ್ಳುವುದು ತಪ್ಪಲ್ಲ. ನನ್ನನ್ನು ಕೇಳಿದರೆ, ಪಾತ್ರವನ್ನು ಪುಕ್ಕಟೆ ಪಡೆದವರು ಚಿತ್ರಕ್ಕೆ ಕನಿಷ್ಠ ಬಿವೈ ಆದರೂ ಹಾಕುವುದು ಚೆಂದ. ಆದರೆ ಒಮ್ಮೆ ಕೊಟ್ಟ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸನ್ನು ವಾಪಸ್ ಪಡೆಯಲಾಗದು. ಯೋಚಿಸಿಯೇ ಹಾಕಿ.

ದುಡ್ಡಿಗೆ ಬಿಡಿಸಿಕೊಟ್ಟರೆ

ಇದು ಕಲಾವಿದರಿಗೆ ಕಹಿ ಸುದ್ದಿ. ಕೆಲಸದಲ್ಲಿದ್ದು ಕೆಲಸದ ಭಾಗವಾಗಿ ಬಿಡಿಸಿದ್ದರೆ ಸಾಮಾನ್ಯವಾಗಿ ಮಾಲೀಕರೇ ಮೊದಲ ಹಕ್ಕುದಾರರು. ಹೊರಗಿನವರು ದುಡ್ಡು ಕೊಟ್ಟು ಬಿಡಿಸಿದ ಪೇಂಟಿಂಗ್, ಭಾವಚಿತ್ರಗಳಿಗೂ, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟವರೇ ಒಡೆಯರು. ಇದು ಕಾಯ್ದೆಯ 17ನೇ ಕಲಂ. ಆದ್ದರಿಂದ ಮುಂಗಡ ತೆಗೆದುಕೊಳ್ಳುವ ಮೊದಲೇ ಹಕ್ಕು ಯಾರದ್ದು ಎಂದು ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಹಕ್ಕನ್ನು ವರ್ಗಾಯಿಸುವುದಿದ್ದರೂ ಬರವಣಿಗೆ ಬೇಕೇ ಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಕಾನೂನು 5 ವರ್ಷ ಎಂದು, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಹಿಡಿಯುತ್ತದೆ. ಹಕ್ಕು ಮಾರಿದ ಮೇಲೂ ‘ಇದನ್ನು ಬಿಡಿಸಿದ್ದು ನಾನು’ ಎಂದು ಹೇಳಿಕೊಳ್ಳುವ ಅಧಿಕಾರ 57ನೇ ಕಲಂ ಅಡಿ ಉಳಿಯುತ್ತದೆ.

ಮಾರುವ ಮುನ್ನ

ಕಾಪಿರೈಟ್ ಬೇರೆ, ಟ್ರೇಡ್‌ಮಾರ್ಕ್ (ವ್ಯಾಪಾರದ ಹೆಸರು, ಗುರುತಿನ ಮೇಲಿನ ಹಕ್ಕು) ಬೇರೆ. ಟಕ್ಸ್ ಪೆಂಗ್ವಿನ್ ಇರುವ ಅಂಗಿ ಮಾರಬಹುದು. ಆದರೆ ‘ಲಿನಕ್ಸ್’ ಎನ್ನುವುದು ಅದನ್ನು ರೂಪಿಸಿದ ಲಿನಸ್ ಟೊರ್ವಾಲ್ಡ್ಸ್ ಹೆಸರಿನ ನೋಂದಾಯಿತ ಟ್ರೇಡ್‌ಮಾರ್ಕ್. ಅದನ್ನು ನಿಮ್ಮ ಬ್ರ್ಯಾಂಡ್ ಹೆಸರಾಗಿ ಬಳಸಲು ಹೊರಟರೆ ಬೇರೆಯೇ ಅನುಮತಿ ಬೇಕು. ಲೇಯರ್‌ಗಳಿರುವ (ಪದರ ಪದರವಾಗಿ ಬಿಡಿಸಿದ) ಮೂಲ ಫೈಲನ್ನು ಅಳಿಸಬೇಡಿ, ಚಿತ್ರ ನಿಮ್ಮದು ಎನ್ನಲು ಅದು ಸಾಕ್ಷಿ. ಚಿತ್ರ ತೆಗೆದುಕೊಂಡ ದಿನ ಲೈಸೆನ್ಸ್ ಪುಟದ ಸ್ಕ್ರೀನ್‌ಶಾಟನ್ನೂ ತಾರೀಕಿನೊಂದಿಗೆ ಉಳಿಸಿಕೊಳ್ಳಿ. ಪುಟಗಳು ಬದಲಾಗುತ್ತವೆ, ಕೆಲವು ಕಾಣೆಯೇ ಆಗುತ್ತವೆ.