ಉಜ್ಜುವ ಮುನ್ನ ಒಂದು ಉಸಿರು

ನನ್ನ ಕಪಾಟಿನಲ್ಲಿ ಹಸಿರು ರೇಷ್ಮೆಯ ಉಡುಪೊಂದಿದೆ. ಅದರ ಎದೆಯ ಬಳಿ ಎರಡು ಬೆರಳಗಲದಷ್ಟು ಜಾಗ ಮಂಕಾಗಿದೆ. ಅಲ್ಲಿ ಬಿದ್ದದ್ದು ನಾಲ್ಕು ಹನಿ ಚಹಾ. ಹೊರಡುವ ಹೊತ್ತಾಗಿತ್ತು, ಎಲ್ಲರೂ ಬಾಗಿಲಲ್ಲಿ ಕಾಯುತ್ತಿದ್ದರು, ನಾನು ಒದ್ದೆ ಬಟ್ಟೆ ಹಿಡಿದು ಗಸಗಸನೆ ಉಜ್ಜಿಬಿಟ್ಟೆ. ಚಹಾದ ಕಲೆ ಹೋಯಿತು, ಉಜ್ಜಿದ ಗುರುತು ಉಳಿಯಿತು. ರೇಷ್ಮೆ ನೆನೆದಾಗ ಅದರ ಎಳೆಗೆ ಬಲ ಕಡಿಮೆ. ಆಗ ತಿಕ್ಕಿದರೆ ನಯವಾದ ಮೇಲ್ಮೈ ಜುಂಗುಜುಂಗಾಗುತ್ತದೆ, ಮತ್ತೆ ಆ ಹೊಳಪು ಬಾರದು. ಬಟ್ಟೆಬರೆ, ಒಡವೆ, ಚೆಂದದ ಹಳೆಯ ವಸ್ತುಗಳ ಜೊತೆ ಇಷ್ಟು ವರ್ಷ ಬಾಳಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು: ಅವಘಡಕ್ಕಿಂತಲೂ ಅದಾದ ಮೊದಲ ನಿಮಿಷದಲ್ಲಿ ನಮ್ಮ ಕೈ ತೋರುವ ಅವಸರವೇ ಹೆಚ್ಚು ಹಾಳುಮಾಡುತ್ತದೆ.

ಆದ್ದರಿಂದ ಏನೇ ಚೆಲ್ಲಿದರೂ ಮೊದಲು ಒತ್ತಿ. ಒಣಗಿದ ಬಿಳಿ ಹತ್ತಿ ಬಟ್ಟೆ ತೆಗೆದುಕೊಳ್ಳಿ. ಬಣ್ಣದ ಬಟ್ಟೆಯಾದರೆ ಅದರ ಬಣ್ಣವೇ ಇಳಿದು ಎರಡನೆಯ ಕಲೆಯಾಗುತ್ತದೆ. ಕಲೆಯ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬನ್ನಿ, ಒರೆಸುವ ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ನೀರು ಹಾಕಬೇಕಾದಾಗ ಉಡುಪನ್ನು ಒಳಮೈ ಮೇಲಾಗುವಂತೆ ತಿರುವಿ ಹಿಂದಿನಿಂದ ಹಾಕಿ. ಬಂದ ದಾರಿಯಲ್ಲೇ ಕಲೆ ಹೊರಗೆ ಹೋಗಲಿ, ಇಡೀ ಬಟ್ಟೆಯನ್ನು ದಾಟಿ ಹೋಗುವುದು ಬೇಡ. ಯಾವ ದ್ರವವನ್ನಾದರೂ ಮೊದಲು ಒಳಗಿನ ಹೊಲಿಗೆಯಂಚಿನಲ್ಲಿ ಒಂದು ತೊಟ್ಟು ಹಾಕಿ ಪರೀಕ್ಷಿಸಿ. ಇದಕ್ಕೆ ಐದು ನಿಮಿಷ ಹಿಡಿಯುತ್ತದೆ, ಬಿಡಬೇಡಿ.

ಬಿಸಿನೀರಿನ ಮೇಲೆ ಜನರಿಗಿರುವ ನಂಬಿಕೆ ನನಗಿಲ್ಲ. ರಕ್ತ, ಹಾಲು, ಮೊಟ್ಟೆ ಇವುಗಳಲ್ಲಿರುವುದು ಪ್ರೋಟೀನು. ಬಿಸಿ ತಗುಲಿದರೆ ಬೇಯಿಸಿದ ಮೊಟ್ಟೆಯಂತೆ ಅದು ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿನಲ್ಲಿ ನೆನೆಸಿ, ಬದಲಿಸಿ, ಮತ್ತೆ ನೆನೆಸಿ. ಎಣ್ಣೆಯ ಕಲೆಗೆ ಮಾತ್ರ ನೀರು ಮೊದಲಲ್ಲ. ಮುಖಕ್ಕೆ ಹಚ್ಚುವ ಪೌಡರನ್ನೋ ಜೋಳದ ಹಿಟ್ಟಿನಂಥ ನುಣುಪಾದ ಪುಡಿಯನ್ನೋ ಧಾರಾಳವಾಗಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಕೊಡವಿ. ಆಮೇಲೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಹಾಕಿ ಬೆರಳಿನಿಂದ ತಟ್ಟಿ ತೊಳೆಯಿರಿ. ಯಾವ ಕಲೆಯಾದರೂ ಪೂರ್ತಿ ಹೋಗಿದೆಯೆಂದು ಹಗಲು ಬೆಳಕಿನಲ್ಲಿ ನೋಡಿಕೊಳ್ಳುವವರೆಗೆ ಇಸ್ತ್ರಿಪೆಟ್ಟಿಗೆ ತಾಗಿಸಬೇಡಿ.

ಅರಿಸಿನದ ಕಲೆ ಸೋಪು ಹಚ್ಚಿದ ಕೂಡಲೇ ಕೆಂಪಾಗುತ್ತದೆ, ನೋಡಿದವರು ಬೆದರುತ್ತಾರೆ. ಅರಿಸಿನದ ಹಳದಿಗೆ ಕಾರಣವಾದ ಕರ್ಕ್ಯುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸುತ್ತದೆ, ಅಷ್ಟೇ. ಸೋಪು ಹೋಗುವಂತೆ ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಮರಳುತ್ತದೆ. ಉಳಿದದ್ದನ್ನು ಬಿಸಿಲಿಗೆ ಬಿಡಿ. ಬೆಳಕು ಕರ್ಕ್ಯುಮಿನನ್ನು ಒಡೆಯುತ್ತದೆ, ಬಿಳಿ ಹತ್ತಿಬಟ್ಟೆಯ ಮೇಲಿನ ಕಲೆ ಬಿಸಿಲಿನಲ್ಲಿ ತೆಳುವಾಗುತ್ತಾ ಹೋಗುವುದನ್ನು ಕಣ್ಣಾರೆ ಕಾಣಬಹುದು. ಅದೇ ಬಿಸಿಲು ರೇಷ್ಮೆಗೆ ಶತ್ರು, ಅದನ್ನು ನೆರಳಿನಲ್ಲೇ ಒಣಗಿಸಬೇಕು. ಬಾಲ್‌ಪೆನ್ನಿನ ಶಾಯಿಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಸಾಕು. ಅದರಲ್ಲಿರುವ ಆಲ್ಕೋಹಾಲು ಶಾಯಿಯನ್ನು ಕರಗಿಸುತ್ತದೆ, ಕೆಳಗಿಟ್ಟ ಬಟ್ಟೆ ಹೀರಿಕೊಳ್ಳುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಮಾತ್ರ, ಬಟ್ಟೆ ಯಾವ ನೂಲಿನದೆಂದು ಒಳಗೆ ಹೊಲಿದ ಚೀಟಿಯಲ್ಲಿ ಓದದೆ ಮುಟ್ಟಬೇಡಿ. ಅಸಿಟೇಟ್ ಎಂದು ಬರೆದಿದ್ದರೆ ಕಲೆಯ ಜೊತೆ ಬಟ್ಟೆಯೂ ಕರಗಿ ತೂತಾಗುತ್ತದೆ.

ಎರಡು ವಿಷಯಗಳಲ್ಲಿ ನಾನು ಕಟ್ಟುನಿಟ್ಟು. ಕ್ಲೋರಿನ್ ಬ್ಲೀಚು ಉಣ್ಣೆ, ರೇಷ್ಮೆಯ ಹತ್ತಿರ ಸುಳಿಯಬಾರದು, ಅದು ಎಳೆಯನ್ನೇ ತಿನ್ನುತ್ತದೆ. ಬ್ಲೀಚಿನ ಜೊತೆ ವಿನೆಗರ್ ಆಗಲಿ, ಅಮೋನಿಯಾ ಇರುವ ದ್ರವವಾಗಲಿ ಸೇರಿಸಲೇಬಾರದು, ಹುಟ್ಟುವ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಎರಡನೆಯದು ಕ್ಷಣದಲ್ಲಿ ಅಂಟಿಕೊಳ್ಳುವ ಸೂಪರ್ ಗ್ಲೂ. ಅದು ಚೆಲ್ಲಿದಾಗ ಹತ್ತಿಯಿಂದ ಒರೆಸಲು ಹೋಗುವುದು ಎಲ್ಲರ ಸಹಜ ಬುದ್ಧಿ. ಆದರೆ ಹತ್ತಿ ಮತ್ತು ಉಣ್ಣೆ ತಗುಲಿದರೆ ಆ ಅಂಟು ರಭಸದಿಂದ ಗಟ್ಟಿಯಾಗುತ್ತಾ ಚರ್ಮ ಸುಡುವಷ್ಟು ಕಾಯುತ್ತದೆ. ಬೆರಳುಗಳು ಅಂಟಿಕೊಂಡರೆ ಎಳೆಯಬೇಡಿ. ಬೆಚ್ಚಗಿನ ಸೋಪುನೀರಿನಲ್ಲಿ ಅದ್ದಿ, ಮೆಲ್ಲಗೆ ಹೊರಳಿಸುತ್ತಾ ಬಿಡಿಸಿ.

ಬಣ್ಣ ಬಿಡುವ ಹೊಸ ಬಟ್ಟೆಯನ್ನು ಉಪ್ಪುನೀರಿನಲ್ಲೋ ವಿನೆಗರಿನಲ್ಲೋ ನೆನೆಸಿದರೆ ಬಣ್ಣ ನಿಲ್ಲುತ್ತದೆಂದು ನಾನೂ ಬಹಳ ಕಾಲ ನಂಬಿದ್ದೆ. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿರಬಹುದು. ಹಾಕಿ ಮುಗಿದ ಮೇಲೆ ಸಡಿಲವಾಗಿ ಉಳಿದ ಬಣ್ಣವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಮೊದಲ ಕೆಲವು ಸಲ ಬೇರೆಯಾಗಿ ತಣ್ಣೀರಿನಲ್ಲಿ ಒಗೆಯುವುದೇ ದಾರಿ. ಬೇರೆ ಬಟ್ಟೆಗೆ ಬಣ್ಣ ಹತ್ತಿಬಿಟ್ಟರೆ ಅದನ್ನು ಒಣಗಲು ಬಿಡದೆ ಕೂಡಲೇ ಮತ್ತೆ ಒಗೆಯಿರಿ.

ಇನ್ನು ನನಗೆ ತುಂಬ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹಳೆಯ ವಸ್ತುಗಳ ರಾಶಿಯಲ್ಲಿ ಕೈಯಾಡಿಸಿ ಒಂದು ಚೆಂದದ್ದನ್ನು ಹೆಕ್ಕಿ ತೆಗೆಯುವ ಸುಖ ಹೊಸದನ್ನು ಕೊಳ್ಳುವುದರಲ್ಲಿ ನನಗೆಂದೂ ಸಿಕ್ಕಿಲ್ಲ. ಯಾರೋ ಜೋಪಾನ ಮಾಡಿದ್ದನ್ನು ನಾವು ಮುಂದುವರಿಸುತ್ತೇವೆ ಎಂಬ ಭಾವ ಅದರಲ್ಲಿದೆ. ಆದರೆ ಮನಸೋತ ಗಳಿಗೆಯಲ್ಲೂ ಅವಸರ ಬೇಡ. ಹಳೆಯ ಉಡುಪನ್ನು ಮೊದಲು ಒಳಮೈ ತಿರುವಿ ನೋಡಿ. ಹೊರಮೈಯನ್ನು ಎಲ್ಲರೂ ಚೆನ್ನಾಗಿ ಇಟ್ಟಿರುತ್ತಾರೆ, ನಿಜ ಹೇಳುವುದು ಒಳಗಿನ ಹೊಲಿಗೆ. ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಜಗ್ಗಿದಾಗ ದಾರದ ಪಕ್ಕದ ನೇಯ್ಗೆ ಬಿರಿದು ಬೆಳಕು ಕಂಡರೆ ಆ ಬಟ್ಟೆಗೆ ಆಯುಸ್ಸಿಲ್ಲ. ಕಂಕುಳು ಮತ್ತು ಕತ್ತುಪಟ್ಟಿಯ ಮಡಿಕೆಯನ್ನು ನೋಡಿ. ಬೆವರಿನಿಂದ ಕೊಳೆತ ರೇಷ್ಮೆಯನ್ನು ಯಾರೂ ರಿಪೇರಿ ಮಾಡಲಾರರು. ಜಿಪ್ಪನ್ನು ಪೂರ್ತಿ ಎಳೆದು ನೋಡಿ. ಬಿಗಿಯಾಗಿದ್ದರೆ ಚಿಂತೆಯಿಲ್ಲ, ಅದರ ಹಲ್ಲುಗಳ ಮೇಲೆ ಸೀಸದಕಡ್ಡಿಯ ತುದಿಯನ್ನು ಆಡಿಸಿದರೆ ಗ್ರಾಫೈಟು ಅದನ್ನು ಜಾರಿಸುತ್ತದೆ. ಹಲ್ಲೇ ಉದುರಿದ್ದರೆ ಜಿಪ್ಪು ಬದಲಿಸಬೇಕು. ಬಣ್ಣವನ್ನು ಅಂಗಡಿಯ ದೀಪದ ಕೆಳಗೆ ಒಪ್ಪಬೇಡಿ, ಬಾಗಿಲ ಬಳಿ ತಂದು ಹಗಲು ಬೆಳಕಿನಲ್ಲಿ ಮುಖದ ಹತ್ತಿರ ಹಿಡಿಯಿರಿ. ದೀಪದಡಿ ಒಂದೇ ಎಂದು ಕಂಡ ಎರಡು ಬಣ್ಣಗಳು ಹೊರಗೆ ಬಂದಾಗ ಬೇರೆಯಾಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ರೇಷ್ಮೆ ಎಂದು ಹೇಳಿದ್ದು ರೇಷ್ಮೆಯೇ ಎಂದು ತಿಳಿಯಲು ಒಳಗಿನ ಅಂಚಿನಿಂದ ಒಂದೇ ಒಂದು ಎಳೆ ತೆಗೆದು ಚಿಮುಟದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಬಹುದು. ರೇಷ್ಮೆ, ಉಣ್ಣೆಗಳು ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುವ ಕರಿ ಬಿಡುತ್ತವೆ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ.

ತಂದ ಹಳೆಯ ಬಟ್ಟೆಯನ್ನು ನೇರವಾಗಿ ಕಪಾಟಿಗೆ ಸೇರಿಸಬೇಡಿ. ಬಾಯಿ ಕಟ್ಟಿದ ಚೀಲದಲ್ಲೇ ಇರಲಿ. ಬಿಸಿ ತಡೆಯುವ ಬಟ್ಟೆಯಾದರೆ 60 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಗೆದರೆ ತಿಗಣೆಯೂ ಅದರ ಮೊಟ್ಟೆಯೂ ಉಳಿಯುವುದಿಲ್ಲ. ಉಣ್ಣೆಯ ಉಡುಪನ್ನು ಗಾಳಿಯಾಡದಂತೆ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಒಂದೆರಡು ವಾರ ಇಟ್ಟರೆ ಬಟ್ಟೆಹುಳುವಿನ ಮರಿಗಳು ಸಾಯುತ್ತವೆ. ನ್ಯಾಫ್ತಲೀನಿನ ನುಸಿಗುಳಿಗೆಯನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಅದರ ಆವಿ ತುಂಬಿದ ಬಟ್ಟೆಯಲ್ಲಿ ಎಳೆಯ ಕೂಸನ್ನು ಸುತ್ತಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ರಕ್ತದ ಕೆಂಪು ಕಣಗಳೇ ಒಡೆದುಹೋಗಬಹುದು. ಮಗುವಿಗೆ ಆ ಕೊರತೆ ಇದೆಯೆಂದು ಅನೇಕ ವೇಳೆ ಯಾರಿಗೂ ಗೊತ್ತಿರುವುದಿಲ್ಲ. ಹುಳುವಿಗೆ ಬೇಕಾದದ್ದು ಬೆವರು, ಎಣ್ಣೆಯ ಪಸೆ ಇರುವ ಉಣ್ಣೆ. ಒಗೆದು ಚೆನ್ನಾಗಿ ಒಣಗಿಸಿ ಇಟ್ಟರೆ ಅರ್ಧ ಕೆಲಸ ಮುಗಿಯಿತು.

ಹಳೆಯ ಅಲಾರಂ ಗಡಿಯಾರದ ಚೆಲುವಿಗೆ ಸೋಲುವವರಿಗೆ ಒಂದು ಮಾತು. ಕತ್ತಲಲ್ಲಿ ಹೊಳೆಯಲೆಂದು 20ನೆಯ ಶತಮಾನದ ಮೊದಲರ್ಧದ ಅನೇಕ ಗಡಿಯಾರಗಳ ಮುಳ್ಳು, ಅಂಕಿಗಳಿಗೆ ರೇಡಿಯಂ ಬೆರೆತ ಬಣ್ಣ ಬಳಿಯುತ್ತಿದ್ದರು. ಈಗ ಹೊಳಪು ಸತ್ತಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ. ಅದು ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಅಂಥದ್ದರ ಗಾಜು ತೆಗೆಯಬೇಡಿ, ಒಳಗಿನ ಪುಡಿಯನ್ನು ಊದಬೇಡಿ, ಒಡೆದಿದ್ದರೆ ಕೊಳ್ಳಲೇಬೇಡಿ. ಹಾಗೆಯೇ ಬಣ್ಣಬಣ್ಣದ ಹಳೆಯ ಪಿಂಗಾಣಿ ತಟ್ಟೆಗಳ ಮೆರುಗಿನಲ್ಲಿ ಸೀಸ ಇರಬಹುದು. ಗೋಡೆಗೆ ತೂಗುಹಾಕಿ, ಅದರಲ್ಲಿ ಉಣ್ಣಬೇಡಿ.

ಆ ಹಸಿರು ರೇಷ್ಮೆಯನ್ನು ನಾನು ಈಗಲೂ ತೊಡುತ್ತೇನೆ. ಇಂಥ ರಾಶಿಯಲ್ಲೇ ಸಿಕ್ಕ ಎಲೆಯಾಕಾರದ ಬೆಳ್ಳಿಯ ಬ್ರೋಚು ಆ ಮಂಕಾದ ಜಾಗದ ಮೇಲೆ ಕೂರುತ್ತದೆ. ತೂಕದ ಬ್ರೋಚು ತೆಳು ಬಟ್ಟೆಯನ್ನು ಜಗ್ಗಿ ತೂತು ಮಾಡುತ್ತದೆ, ಆದ್ದರಿಂದ ಒಳಗಡೆ ಉಣ್ಣೆಯ ದಪ್ಪ ತುಂಡೊಂದನ್ನು ಇಟ್ಟು ಎರಡನ್ನೂ ಸೇರಿಸಿ ಚುಚ್ಚಬೇಕು. ಆ ಬ್ರೋಚು ಕೊಂಡಾಗ ಕಪ್ಪುಗಟ್ಟಿತ್ತು. ಗಾಳಿಯಲ್ಲಿನ ಗಂಧಕದ ಅಂಶದೊಡನೆ ಸೇರಿ ಬೆಳ್ಳಿಯ ಮೇಲೆ ಕಟ್ಟುವ ಪೊರೆ ಅದು. ಪಾತ್ರೆಯ ತಳಕ್ಕೆ ಅಲ್ಯುಮಿನಿಯಂ ಹಾಳೆ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಹಾಕಿ ಬಿಸಿನೀರು ಸುರಿದರೆ ಆ ಪೊರೆಯೊಳಗಿನ ಬೆಳ್ಳಿ ಮತ್ತೆ ಬೆಳ್ಳಿಯಾಗಿಯೇ ಮರಳುತ್ತದೆ, ತಿಕ್ಕಿ ಸವೆಸಿದಂತೆ ಆಗುವುದಿಲ್ಲ. ಕಲ್ಲು ಅಂಟಿಸಿದ್ದಕ್ಕೆ, ಮುತ್ತು ಕೂರಿಸಿದ್ದಕ್ಕೆ, ಬೇಕೆಂದೇ ಕಪ್ಪು ತುಂಬಿ ಚಿತ್ತಾರ ತೆಗೆದದ್ದಕ್ಕೆ ಈ ಉಪಾಯ ಬೇಡ. ಹಿಂಬದಿಯಲ್ಲಿ 925 ಎಂಬ ಮುದ್ರೆ ಇದ್ದರೆ ಸಾವಿರಕ್ಕೆ 925 ಪಾಲು ಬೆಳ್ಳಿ ಎಂದರ್ಥ.

ಮುತ್ತಿನ ವಿಷಯದಲ್ಲಿ ನಿಯಮ ಒಂದೇ: ಎಲ್ಲ ಅಲಂಕಾರ ಮುಗಿದ ಮೇಲೆ ತೊಡಿ, ಮನೆಗೆ ಬಂದ ಕೂಡಲೇ ಮೊದಲು ಅದನ್ನು ತೆಗೆಯಿರಿ. ಮುತ್ತು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟು. ಸುಗಂಧದ್ರವ್ಯ, ಕೂದಲ ಸ್ಪ್ರೇ, ಹುಳಿ, ಬೆವರು ಅದರ ಹೊಳಪನ್ನು ಕೆಡಿಸುತ್ತವೆ. ಮೆತ್ತಗಿನ ಬಟ್ಟೆಯಿಂದ ಒರೆಸಿ, ಬೇರೆ ಒಡವೆಗಳ ಜೊತೆ ಸೇರಿಸದೆ ಇಡಿ.

ಉಂಗುರ ಬೆರಳಲ್ಲಿ ಸಿಕ್ಕಿಕೊಂಡಾಗ ಮನೆಯವರೆಲ್ಲ ಸೇರಿ ಎಳೆಯುತ್ತಾರೆ, ಎಳೆದಷ್ಟೂ ಬೆರಳು ಊದುತ್ತದೆ. ಕೈಯನ್ನು ಎದೆಗಿಂತ ಮೇಲೆತ್ತಿ ಹತ್ತು ನಿಮಿಷ ಹಿಡಿಯಿರಿ, ತಣ್ಣೀರಿನಲ್ಲಿ ಅದ್ದಿ, ಸೋಪು ಸವರಿ ಮೆಲ್ಲಗೆ ತಿರುಗಿಸಿ. ಬಾರದಿದ್ದರೆ ದಾರ ತರಿಸಿ. ಒಂದು ತುದಿಯನ್ನು ಉಂಗುರದಡಿ ಅಂಗೈ ಕಡೆಗೆ ನುಸುಳಿಸಿ, ಉಳಿದ ದಾರವನ್ನು ಉಂಗುರದಿಂದ ಗೆಣ್ಣು ದಾಟುವವರೆಗೆ ಒತ್ತೊತ್ತಾಗಿ ಸುತ್ತಿ. ಈಗ ಅಂಗೈ ಕಡೆಯ ತುದಿಯನ್ನು ಹಿಡಿದು ಸುತ್ತು ಬಿಚ್ಚುತ್ತಾ ಹೋದರೆ ಉಂಗುರ ದಾರದ ಮೇಲೆ ಹೊರಳುತ್ತಾ ಹೊರಬರುತ್ತದೆ. ನನ್ನ ಸೊಸೆಯ ಬೆರಳಿನಿಂದ ಹೀಗೇ ತೆಗೆದೆ. ಬೆರಳು ನೀಲಿಗಟ್ಟಿದ್ದರೆ, ಜೋಮು ಹಿಡಿದಿದ್ದರೆ ಇದಾವುದನ್ನೂ ಮಾಡದೆ ವೈದ್ಯರ ಬಳಿ ಓಡಿ, ಉಂಗುರ ಕತ್ತರಿಸಲಿ. ಕತ್ತರಿಸಿದ ಉಂಗುರವನ್ನು ಬೆಸೆಯಬಹುದು.

ಓಲೆ ಸಿಂಕಿನೊಳಗೆ ಬಿದ್ದರೆ ಮೊದಲು ನಲ್ಲಿ ನಿಲ್ಲಿಸಿ. ಸಿಂಕಿನ ಕೆಳಗೆ ಬಾಗಿದ ಕೊಳವೆಯಿದೆಯಲ್ಲ, ವಾಸನೆ ಬಾರದಂತೆ ಸದಾ ನೀರು ನಿಲ್ಲುವುದು ಅಲ್ಲಿ. ಭಾರದ ಓಲೆ ಸಾಮಾನ್ಯವಾಗಿ ಅಲ್ಲೇ ಕೂತಿರುತ್ತದೆ. ಕೆಳಗೆ ಬಕೆಟ್ ಇಟ್ಟು ಆ ಬಾಗಿದ ಕೊಳವೆಯನ್ನು ತಿರುಗಿಸಿ ಬಿಚ್ಚಿ. ಗಾಬರಿಯಲ್ಲಿ ನೀರು ಬಿಟ್ಟವರದ್ದು ಮುಂದೆ ಹೋಗಿಬಿಡುತ್ತದೆ. ಓಲೆಯ ತಿರುಪು ನೆಲದಲ್ಲಿ ಕಳೆದರೆ ವ್ಯಾಕ್ಯೂಮ್ ಕ್ಲೀನರಿನ ಬಾಯಿಗೆ ತೆಳು ಕಾಲುಚೀಲ ಕಟ್ಟಿ ಆಡಿಸಿ, ತಿರುಪು ಬಟ್ಟೆಗೆ ಬಂದು ಅಂಟುತ್ತದೆ.

ನೋಡಲು ಚೆನ್ನಾಗಿ ಕಾಣುವುದು ಹೇಗೆಂದು ಮೊಮ್ಮಗಳು ಕೇಳಿದಾಗ ನಾನು ಹೊಸ ಉಡುಪು ಕೊಡಿಸುವುದಿಲ್ಲ, ಅವಳಲ್ಲಿರುವುದರ ಗುಂಡಿ ಬದಲಿಸಿ ಕೊಡುತ್ತೇನೆ. ಅಗ್ಗದ ಪ್ಲಾಸ್ಟಿಕ್ ಗುಂಡಿ ತೆಗೆದು ಚಿಪ್ಪಿನದ್ದನ್ನೋ ಮರದ್ದನ್ನೋ ಹಾಕಿದರೆ ಅದೇ ಅಂಗಿ ಬೇರೆಯದೇ ಆಗಿ ಕಾಣುತ್ತದೆ. ತೋಳಿನ ಉದ್ದ ಮಣಿಕಟ್ಟಿಗೆ ಸರಿಯಾಗಿ ನಿಲ್ಲಬೇಕು, ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಇರಬೇಕು. ಇವೆರಡು ಸರಿಯಿದ್ದರೆ ಬಟ್ಟೆಯ ಬೆಲೆಯನ್ನು ಯಾರೂ ಗಮನಿಸುವುದಿಲ್ಲ. ದಪ್ಪ ಕೋಟಿಗೆ ಗುಂಡಿ ಹಾಕುವಾಗ ಗುಂಡಿಯ ಮೇಲೆ ಬೆಂಕಿಕಡ್ಡಿಯೊಂದನ್ನು ಇಟ್ಟು ಅದರ ಮೇಲಿಂದ ಹೊಲಿಯಿರಿ. ಕಡ್ಡಿ ತೆಗೆದು ಗುಂಡಿಯನ್ನು ಮೇಲೆತ್ತಿ, ಕೆಳಗೆ ಸಡಿಲವಾಗುವ ದಾರಕ್ಕೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದರೆ ಅದೇ ಗುಂಡಿಯ ಕಾಲು. ಕಾಜದ ದಪ್ಪ ಅದರೊಳಗೆ ಕೂರುತ್ತದೆ, ಬಟ್ಟೆ ಸುಕ್ಕಾಗುವುದಿಲ್ಲ.

ನೆನೆದ ಚರ್ಮದ ಬೂಟಿಗೆ ಕಾಗದ ತುರುಕಿ ನೆರಳಲ್ಲಿಡಿ. ಒಲೆ, ಹೀಟರ್ ಪಕ್ಕದಲ್ಲಿಟ್ಟರೆ ಚರ್ಮ ಬಿರಿಯುತ್ತದೆ.

ನನ್ನ ಚೀಲದಲ್ಲಿ ಸದಾ ಒಂದು ಸಣ್ಣ ತಗಡಿನ ಡಬ್ಬಿ ಇರುತ್ತದೆ. ಅದರಲ್ಲಿ ಕಪ್ಪು, ಬಿಳಿ, ಬೂದು ದಾರ ಪೋಣಿಸಿಯೇ ಇಟ್ಟ ಮೂರು ಸೂಜಿಗಳು, ಎರಡು ಗುಂಡಿ, ಮಡಿಸಿದ ಬಿಳಿ ಹತ್ತಿ ಬಟ್ಟೆ, ಚಿಟಿಕೆ ಪೌಡರಿನ ಪೊಟ್ಟಣ ಮತ್ತು ಐದಾರು ಸೇಫ್ಟಿ ಪಿನ್ನು. ವಾಲ್ಟರ್ ಹಂಟ್ ಎಂಬುವವರು 1849ರಲ್ಲಿ ಸೇಫ್ಟಿ ಪಿನ್ನಿಗೆ ಹಕ್ಕುಪತ್ರ ಪಡೆದು ಅದನ್ನು 400 ಡಾಲರಿಗೆ ಮಾರಿಬಿಟ್ಟರು. ಒಂದು ತಂತಿಯನ್ನು ಹೀಗೆ ಬಾಗಿಸಿ ತುದಿಗೆ ಮರೆ ಕೊಟ್ಟ ಆ ಕೈಗೆ ನಾನು ಎಷ್ಟೋ ಸಂಜೆಗಳ ಋಣಿ. ಪಿನ್ನು ಹಾಕುವಾಗ ಹೊಲಿಗೆಯ ಗೆರೆಯ ಮೇಲೆಯೇ, ಗೆರೆಯ ಉದ್ದಕ್ಕೆ ಚುಚ್ಚಿ. ಅಲ್ಲಿ ಬಟ್ಟೆ ಎರಡು ಪದರವಿರುತ್ತದೆ, ತೂತು ಕಾಣುವುದಿಲ್ಲ. ರಾತ್ರಿ ಮನೆಗೆ ಬಂದ ಮೇಲೆ ಅದನ್ನು ಮರೆಯದೆ ತೆಗೆಯಿರಿ, ಬಟ್ಟೆಯಲ್ಲೇ ಉಳಿದ ಪಿನ್ನು ಒಗೆಯುವಾಗ ತುಕ್ಕು ಹಿಡಿದು ಹೊಸ ಕಲೆ ಮಾಡುತ್ತದೆ.